ಮಾನಿಟರ್ ಆನ್ ಆಗದಿದ್ದರೆ...

ಪ್ರಾಯೋಗಿಕ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಲ್ಯಾಬಿನಲ್ಲಿ ನಾನು ಕೂರುವ ಕಂಪ್ಯೂಟರಿನ ಹಳೆಯ ಎಲ್‌ಸಿಡಿ ಮಾನಿಟರ್ ಪರದೆ ಕಪ್ಪಾಗಿತ್ತು. ಗುಂಡಿ ಒತ್ತಿ ಒತ್ತಿ ಸಾಕಾಗಿ, ಹಿಂಬದಿ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದೆ. ಲ್ಯಾಬ್ ಸರ್ ತಡೆದರು. "ಮೊದಲು ದೀಪ ನೋಡು" ಎಂದರು.

ಗುಂಡಿಯ ಬಳಿ ಇರುವ ಪುಟ್ಟ ದೀಪದಿಂದಲೇ ತೊಂದರೆ ಎಲ್ಲಿದೆ ಎಂದು ಊಹಿಸಬಹುದು.

ದೀಪ ಉರಿಯದಿದ್ದರೆ ಮಾನಿಟರಿಗೆ ಕರೆಂಟ್ ಹೋಗುತ್ತಿಲ್ಲ. ಸ್ವಿಚ್, ಪ್ಲಗ್ ನೋಡಿ. ಬೇರೆ ಮಾನಿಟರಿನ ಅದೇ ಬಗೆಯ ಪವರ್ ವೈರ್ ಹಾಕಿ ನೋಡಿ. ಆಗಲೂ ಉರಿಯದಿದ್ದರೆ ಒಳಗಿನ ಪವರ್ ಬೋರ್ಡ್ ಕೆಟ್ಟಿರಬಹುದು. ಹಳೆಯ ಮಾನಿಟರುಗಳಲ್ಲಿ ಕೆಪಾಸಿಟರ್ ಉಬ್ಬಿ ಹಾಳಾಗುವುದು ಸಾಮಾನ್ಯ.

ದೀಪ ಹಳದಿಯಾಗಿದ್ದರೆ ಅಥವಾ ಮಿನುಗುತ್ತಿದ್ದರೆ, ಹೆಚ್ಚಾಗಿ ಸಿಪಿಯುವಿನಿಂದ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ಸಿಪಿಯು ಆನ್ ಆಗಿದೆಯೇ, ವಿಜಿಎ ಕೇಬಲ್ ಎರಡೂ ತುದಿಯಲ್ಲಿ ಬಿಗಿಯಾಗಿದೆಯೇ, ಅದರ ಪಿನ್ ಬಾಗಿದೆಯೇ ನೋಡಿ.

ದೀಪ ಸರಿಯಾಗಿ ಉರಿಯುತ್ತಿದ್ದೂ ಪರದೆ ಕಪ್ಪಾಗಿದ್ದರೆ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಚಿತ್ರ ಮಸುಕಾಗಿ ಕಂಡರೆ ಬ್ಯಾಕ್‌ಲೈಟ್ ಹೋಗಿದೆ.

ನನ್ನ ಮಾನಿಟರಿನ ದೀಪ ಹಳದಿಯಾಗಿತ್ತು. ಕೇಬಲ್ ಸಡಿಲವಾಗಿತ್ತು. ಎರಡು ಸ್ಕ್ರೂ ಬಿಗಿ ಮಾಡಿದೆ, ಪರದೆ ಬೆಳಗಿತು.

ಸರ್ ತಡೆದದ್ದೇಕೆ ಎಂದು ಆಮೇಲೆ ತಿಳಿಯಿತು. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಡಬ್ಬಿಯಂತಿರುವ ಹಳೆಯ ಕಲರ್ ಸಿಆರ್‌ಟಿ ಮಾನಿಟರಿನೊಳಗಂತೂ 20,000 ವೋಲ್ಟ್‌ಗೂ ಹೆಚ್ಚು ಇರುತ್ತದೆ. ಹೊರಗಿನ ಪರೀಕ್ಷೆಗಳನ್ನು ನಾವೇ ಮಾಡೋಣ. ಒಳಗಿನ ಕೆಲಸ ಬಲ್ಲವರಿಗೆ ಬಿಡೋಣ.