ಗಾರೆಯಿಂದ ಕಾಂಕ್ರೀಟಿಗೆ: ಕರಾವಳಿಯ ಗುಡಿಗಳ ಮೇಲ್ಮೈ ಶಿಥಿಲತೆ

ಗಾರೆಯ ಗುಡಿಯನ್ನು ಕಳಚಿ ಕಾಂಕ್ರೀಟಿನಲ್ಲಿ ಕಟ್ಟುವುದನ್ನು ಕರಾವಳಿಯ ಜನ ಜೀರ್ಣೋದ್ಧಾರವೆಂದೇ ಕರೆಯುತ್ತಾರೆ. ಹೊಸ ಗುಡಿ ಶಾಶ್ವತವೆಂಬ ನಂಬಿಕೆ ಆ ಪದದಲ್ಲಿ ಅಡಗಿದೆ. ಆದರೆ ತಾರಸಿಯ ಅಡಿಯಿಂದ ಚಕ್ಕೆಗಳು ಉದುರಿ, ತುಕ್ಕು ಹಿಡಿದ ಸರಳುಗಳು ಹೊರಗೆ ಕಾಣತೊಡಗಿದಾಗ ಆ ನಂಬಿಕೆಯನ್ನು ಮರುಪರಿಶೀಲಿಸಬೇಕಾಗುತ್ತದೆ.

ಅರಳಿಸಿದ ಸುಣ್ಣಕ್ಕೆ ಮರಳು ಕೂಡಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಸಿದ್ಧಪಡಿಸುತ್ತಿದ್ದ ಗಾರೆಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಸರಳು ಹಾಕಿದ ಕಾಂಕ್ರೀಟಿಗೆ ಅದೇ ಅನಿಲ ಹಾನಿಕರ. ಹೊಸ ಕಾಂಕ್ರೀಟಿನ ಪಿಎಚ್ ಮೌಲ್ಯ 12ರಿಂದ 13ರಷ್ಟಿರುತ್ತದೆ. ಈ ಕ್ಷಾರಗುಣವೇ ಸರಳಿನ ಮೇಲೆ ತೆಳುವಾದ ರಕ್ಷಾಪದರವನ್ನು ಉಳಿಸುತ್ತದೆ. ಅನಿಲವು ಒಳಹೊಕ್ಕು ಪಿಎಚ್ 9ರ ಸುತ್ತ ಇಳಿದಾಗ ಪದರ ಅಳಿಯುತ್ತದೆ, ತೇವ ತಗಲಿದೊಡನೆ ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನ ಒತ್ತಡಕ್ಕೆ ಹೊದಿಕೆ ಸಿಡಿಯುತ್ತದೆ. ಕಡಲಗಾಳಿಯ ಹಾಗೂ ತೊಳೆಯದ ಕಡಲಮರಳಿನ ಉಪ್ಪು ಇದ್ದಲ್ಲಿ ಪಿಎಚ್ ಇಳಿಯುವವರೆಗೂ ಕಾಯಬೇಕಿಲ್ಲ. ಕ್ಲೋರೈಡು ನೇರವಾಗಿ ಸರಳನ್ನು ತಿನ್ನುತ್ತದೆ.

ಜಾತ್ರೆಗೆ ಮುನ್ನ ಸುಣ್ಣ ಬಳಿಯುವ ವಾಡಿಕೆಯನ್ನು ಜಾನಪದ ಅಧ್ಯಯನಗಳು ಸಾಮಾನ್ಯವಾಗಿ ಶುದ್ಧೀಕರಣದ ಆಚರಣೆಯೆಂದು ವಿವರಿಸುತ್ತವೆ. ಅದು ಅರ್ಧ ವಿವರಣೆ ಮಾತ್ರ. ವರ್ಷಕ್ಕೊಮ್ಮೆ ಗೋಡೆಯ ಮೂಲೆಮೂಲೆಯನ್ನೂ ಯಾರೋ ಕೈಯಿಂದ ಮುಟ್ಟಿ ನೋಡುವ ವ್ಯವಸ್ಥೆಯೂ ಅದಾಗಿತ್ತು. ಕಾಂಕ್ರೀಟು ಬಂದ ಮೇಲೆ ತಪ್ಪಿದ್ದು ಈ ನೋಟ.

ತಡೆಯುವ ಕ್ರಮ ಬಹುಪಾಲು ಕಟ್ಟುವಾಗಲೇ ಆಗಬೇಕಾದುದು. ಭಾರತೀಯ ಮಾನಕ 456ರ 2000ದ ಪರಿಷ್ಕರಣವು ತೀವ್ರ ಪರಿಸರದಲ್ಲಿ ಸರಳಿನ ಮೇಲೆ 45 ಮಿ.ಮೀ. ಹೊದಿಕೆಯನ್ನು, ಸಿಮೆಂಟಿನ ತೂಕದ 0.45ಕ್ಕೆ ಮೀರದ ನೀರನ್ನು ವಿಧಿಸುತ್ತದೆ. ಕಲಸುವಾಗ ಸಲೀಸಿಗೆಂದು ಸುರಿದ ಹೆಚ್ಚುವರಿ ನೀರು ಆರಿದ ಮೇಲೆ ಸೂಕ್ಷ್ಮ ರಂಧ್ರಗಳನ್ನು ಉಳಿಸಿಹೋಗುತ್ತದೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಬ್ರಹ್ಮಕಲಶದ ಮುಹೂರ್ತ ಮೊದಲೇ ನಿಶ್ಚಯವಾಗಿರುವೆಡೆ ಈ ದಿನಗಳಿಗೇ ಕತ್ತರಿ ಬೀಳುವುದುಂಟು. ದೇವರ ದಿನವನ್ನು ಮುಂದೂಡಲಾಗದಿದ್ದರೆ ಕೆಲಸವನ್ನಾದರೂ ಬೇಗ ಆರಂಭಿಸಬೇಕು.

ಬಿರುಕಿನ ಮೇಲೆ ಸಾರಣೆ ಬಳಿದು ಬಣ್ಣ ಹಚ್ಚುವುದು ದುರಸ್ತಿಯಲ್ಲ. ತುಕ್ಕು ಒಳಗೆ ಮುಂದುವರಿಯುತ್ತಲೇ ಇರುತ್ತದೆ. ಸಡಿಲವಾದ ಭಾಗವನ್ನು ಸರಳಿನ ಹಿಂಬದಿಯವರೆಗೆ ಕೆತ್ತಿ ತೆಗೆದು, ತುಕ್ಕನ್ನು ಪೂರ್ಣವಾಗಿ ಉಜ್ಜಿ, ಅನಂತರವೇ ಹೊಸ ಗಾರೆ ತುಂಬಬೇಕು. ಚಜ್ಜಾದ ಅಡಿಯಂಚಿನಲ್ಲಿ ನೀರು ತೊಟ್ಟಿಕ್ಕಲು ಒಂದು ಸಣ್ಣ ಕಾಡಿ ಬಿಟ್ಟರೆ ಮಳೆನೀರು ಗೋಡೆಯತ್ತ ಹರಿಯುವುದಿಲ್ಲ.