ಚಕ್ ಬಿಡದ ಜಾಬ್

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಬರುವಂಥ ಒಂದು ಡ್ರಾಯಿಂಗ್ ಎತ್ತಿಕೊಳ್ಳೋಣ. 50 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್. ಒಂದು ತುದಿಯಲ್ಲಿ ಬೇರಿಂಗ್ ಕೂರುವ ಜಾಗ, ಅದರ ಪಕ್ಕಕ್ಕೆ ಕೀ ಕೂರುವ ತೋಡು ಅಂದರೆ ಕೀ ವೇ, ನಡುವೆ ಒಂದು ಅಡ್ಡ ತೂತು, ತುದಿಯ ಮುಖದ ಮೇಲೆ ಆರು ಟ್ಯಾಪ್ ಹೋಲ್. ಕೀ ವೇ ಅಕ್ಷಕ್ಕೆ ಸರಿಯಾಗಿ ನಡುವೆ ಬರಬೇಕು, 0.03 ಮಿ.ಮೀ.ಗಿಂತ ಆಚೀಚೆ ಆಗಬಾರದು. ಆರು ತೂತುಗಳಲ್ಲಿ ಒಂದು ಕೀ ವೇ ಇರುವ ದಿಕ್ಕಿಗೇ ಬೀಳಬೇಕು. ಹಳೆಯ ಕ್ರಮದಲ್ಲಾದರೆ ಜಾಬ್ ಮೊದಲು ಲೇತ್‌ಗೆ, ಆಮೇಲೆ ಮಿಲ್ಲಿಂಗ್‌ಗೆ, ಕೊನೆಗೆ ಡ್ರಿಲ್ಲಿಂಗ್‌ಗೆ ಹೋಗುತ್ತದೆ. ಪ್ರತಿ ಸಲವೂ ಬಿಚ್ಚಬೇಕು, ಒರೆಸಬೇಕು, ಹೊಸದಾಗಿ ಹಿಡಿಯಬೇಕು, ಡಯಲ್ ಇಟ್ಟು ಅಕ್ಷ ಹುಡುಕಬೇಕು. ಚಕ್‌ನ ಜಾ ಕೆಳಗೆ ಒಂದು ಚೂರು ಚಿಪ್ ಸಿಕ್ಕಿಕೊಂಡರೆ ಸಾಕು, ಆ 0.03 ಅಲ್ಲಿಗೇ ಖರ್ಚಾಗಿಬಿಡುತ್ತದೆ.

ಲೇತ್‌ನಲ್ಲೇ ಮಿಲ್ಲಿಂಗ್ ಮಾಡುವ ಟರ್ನ್-ಮಿಲ್ ಯಂತ್ರಗಳ ಮಾತು ಬಂದಾಗೆಲ್ಲ ಎಷ್ಟು ನಿಮಿಷ ಉಳಿಯಿತು ಎಂಬ ಲೆಕ್ಕವೇ ಮುಂದೆ ಬರುತ್ತದೆ. ನನ್ನ ಮಟ್ಟಿಗೆ ಅದು ಎರಡನೆಯ ಮಾತು. ಹಿಡಿದ ಜಾಬನ್ನು ಕೆಲಸ ಮುಗಿಯುವವರೆಗೆ ಬಿಡದಿರುವುದೇ ಈ ಯಂತ್ರದ ನಿಜವಾದ ಬಲ. ಬೇರಿಂಗ್ ಜಾಗವನ್ನು ಟರ್ನ್ ಮಾಡಿದ ಅಕ್ಷವೇ ಕೀ ವೇ ಕೊರೆಯುವಾಗಲೂ ಅಕ್ಷ. ಅದನ್ನು ಮತ್ತೆ ಹುಡುಕುವ ಪ್ರಶ್ನೆಯೇ ಇಲ್ಲ.

ಈ ಎರಡು ಕೆಲಸಗಳು ಬಹುಕಾಲ ಬೇರೆ ಬೇರೆ ಮನೆಗಳಲ್ಲೇ ಬೆಳೆದವು. ಲೇತ್‌ನಲ್ಲಿ ಜಾಬ್ ತಿರುಗುತ್ತದೆ, ಟೂಲ್ ನಿಂತಿರುತ್ತದೆ. ಮಿಲ್ಲಿಂಗ್‌ನಲ್ಲಿ ಟೂಲ್ ತಿರುಗುತ್ತದೆ, ಜಾಬ್ ನಿಂತಿರುತ್ತದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಖ್ಯೆಗಳ ಆಜ್ಞೆಗೆ ಓಡುವ ಯಂತ್ರವನ್ನು ಮೊದಲು ತೋರಿಸಿದಾಗ ಅದು ಮಿಲ್ಲಿಂಗ್ ಯಂತ್ರವೇ ಆಗಿತ್ತು. ನಮ್ಮ ಕಡೆ ಲೇತ್‌ನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದದ್ದು 1941ರಲ್ಲಿ. ಆ ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅದರ ಲೇತ್‌ಗಳು ಇಂದಿಗೂ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಓಡುತ್ತಿವೆ. 1953ರಲ್ಲಿ ಬೆಂಗಳೂರಿಗೆ ಎಚ್‌ಎಂಟಿ ಬಂತು, 1962ರಲ್ಲಿ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಬಂತು, 1979ರಲ್ಲಿ ಪೀಣ್ಯದಲ್ಲಿ ಏಸ್ ಡಿಸೈನರ್ಸ್ ಹುಟ್ಟಿತು. ಇವತ್ತು ಸಿಎನ್‌ಸಿ ಲೇತ್‌ಗಳನ್ನು ಬಳಸುವುದಷ್ಟೇ ಅಲ್ಲ, ಕಟ್ಟುವ ಊರೂ ಇದು. ಅದಕ್ಕೇ ಈ ವಿದ್ಯೆ ನಮಗೆ ಹೊರಗಿನದಲ್ಲ ಎನ್ನುತ್ತೇನೆ.

ಲೇತ್ ಮಿಲ್ಲಿಂಗ್ ಕಲಿತದ್ದು ಮೂರು ಹೆಜ್ಜೆಗಳಲ್ಲಿ. ಮೊದಲನೆಯದು ಲೈವ್ ಟೂಲ್. ಟೂಲ್‌ಗಳನ್ನು ಹೊತ್ತು ತಿರುಗುವ ಟರೆಟ್‌ನಲ್ಲಿ ಸುಮ್ಮನೆ ಕೂರುತ್ತಿದ್ದ ಟೂಲ್‌ಗೆ ಒಳಗಿನಿಂದ ಒಂದು ಮೋಟರ್ ತಿರುಗುವ ಶಕ್ತಿ ಕೊಡುತ್ತದೆ. ಡ್ರಿಲ್, ಟ್ಯಾಪ್, ಎಂಡ್ ಮಿಲ್ ಎಲ್ಲವೂ ಅಲ್ಲೇ ಓಡುತ್ತವೆ. ಎರಡನೆಯದು ಸಿ ಆ್ಯಕ್ಸಿಸ್. ಸಾವಿರಾರು ಆರ್‌ಪಿಎಂನಲ್ಲಿ ತಿರುಗುತ್ತಿದ್ದ ಸ್ಪಿಂಡಲ್ ನಿಂತು, ಹೇಳಿದ ಕೋನಕ್ಕೆ ನಿಧಾನವಾಗಿ ಹೊರಳುತ್ತದೆ. ಡಿಗ್ರಿಯ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಅದಕ್ಕೆ ಆಜ್ಞೆ ಕೊಡಬಹುದು. ನಮ್ಮ ಶಾಫ್ಟ್‌ನ ಆರು ತೂತುಗಳಿಗೆ ಇಷ್ಟೇ ಸಾಕು: 60 ಡಿಗ್ರಿ ಹೊರಳು, ಬ್ರೇಕ್ ಹಿಡಿ, ಡ್ರಿಲ್ ಮಾಡು, ಬ್ರೇಕ್ ಬಿಡು, ಮತ್ತೆ ಹೊರಳು.

ನೋಡಲು ಚೆಂದವೆನಿಸುವುದು ಸ್ಪಿಂಡಲ್ಲೂ ಟೂಲೂ ಒಟ್ಟಿಗೆ ಚಲಿಸುವಾಗ. ಶಾಫ್ಟ್‌ನ ತುದಿಗೆ ಷಟ್ಕೋನ ಕೊರೆಯಬೇಕು ಎನ್ನಿ. ಟರೆಟ್ ಮೇಲೆ ಕೆಳಗೆ ಮಾತ್ರ ಹೋಗಬಲ್ಲದು, ಸ್ಪಿಂಡಲ್ ಹೊರಳಬಲ್ಲದು, ಅಷ್ಟೇ. ಇವೆರಡರಿಂದ ನೇರ ಗೆರೆ ಹುಟ್ಟಬೇಕು. ಪ್ರೋಗ್ರಾಂನಲ್ಲಿ ಜಿ12.1 ಎಂಬ ಆಜ್ಞೆ ಕೊಟ್ಟ ಮೇಲೆ ನಾವು ಷಟ್ಕೋನದ ಮೂಲೆಗಳನ್ನು ಕಾಗದದ ಮೇಲಿದ್ದ ಹಾಗೇ ಬರೆದುಕೊಂಡು ಹೋಗುತ್ತೇವೆ. ಅದನ್ನು ಏರಿಳಿತ ಮತ್ತು ಹೊರಳಾಟಕ್ಕೆ ಬದಲಾಯಿಸುವ ಹೊಣೆ ಕಂಟ್ರೋಲ್‌ನದು. ಕಿಟಕಿಯಿಂದ ನೋಡಿದರೆ ಜಾಬ್ ಹೊರಳುತ್ತಿರುತ್ತದೆ, ಎಂಡ್ ಮಿಲ್ ಒಂದಷ್ಟು ಒಳಗೆ ಸರಿದು ಮತ್ತೆ ಹೊರಗೆ ಬರುತ್ತದೆ. ನೇರವಾದದ್ದು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಕೂಲಂಟ್ ನಿಂತಾಗ ಆರು ಚಪ್ಪಟೆ ಮುಖಗಳು ಹೊಳೆಯುತ್ತವೆ. ಇದಕ್ಕೂ ಒಂದು ಮಿತಿ ಇದೆ. ಟೂಲ್‌ನ ದಾರಿ ಕೇಂದ್ರದ ತೀರಾ ಹತ್ತಿರ ಹಾದುಹೋದರೆ ಸಿ ಆ್ಯಕ್ಸಿಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಧ ಸುತ್ತು ಹೊರಳಬೇಕಾಗುತ್ತದೆ. ಅಷ್ಟು ವೇಗ ಅದಕ್ಕಿರುವುದಿಲ್ಲ. ಆಗ ಫೀಡ್ ಕುಸಿಯುತ್ತದೆ, ಕೊರೆದ ಮೈ ಮೇಲೆ ಗುರುತು ಬೀಳುತ್ತದೆ.

ಮೂರನೆಯ ಹೆಜ್ಜೆ ವೈ ಆ್ಯಕ್ಸಿಸ್, ಅಂದರೆ ಟೂಲ್ ಕೇಂದ್ರರೇಖೆಯಿಂದ ಅಕ್ಕಪಕ್ಕಕ್ಕೂ ಸರಿಯುವುದು. ಇದರ ಬೆಲೆ ಗೊತ್ತಾಗಬೇಕಾದರೆ ಕೀ ವೇ ನೋಡಬೇಕು. ವೈ ಇಲ್ಲದ ಯಂತ್ರದಲ್ಲಿ 10 ಮಿ.ಮೀ. ಕೀ ವೇಗೆ 10 ಮಿ.ಮೀ. ಎಂಡ್ ಮಿಲ್ಲನ್ನೇ ಓಡಿಸಬೇಕು. ಟೂಲ್ ಸವೆದರೆ ಕೀ ವೇಯೂ ಕಿರಿದಾಗುತ್ತದೆ, ಬಾಗಿದರೆ ಕೀ ವೇಯೂ ವಾಲುತ್ತದೆ. ತಿದ್ದಲು ಆಫ್‌ಸೆಟ್‌ನಲ್ಲಿ ದಾರಿಯಿಲ್ಲ. ವೈ ಇದ್ದರೆ 8 ಮಿ.ಮೀ. ಟೂಲ್ ಹಾಕಿ, ನಡುವೆ ರಫ್ ಮಾಡಿ, ಎರಡೂ ಗೋಡೆಗಳನ್ನು ಬೇರೆ ಬೇರೆಯಾಗಿ ಫಿನಿಶ್ ಮಾಡಬಹುದು. ಅಗಲವನ್ನು ಮೈಕ್ರಾನ್ ಲೆಕ್ಕದಲ್ಲಿ ಹಿಡಿತಕ್ಕೆ ತರಬಹುದು. ಅಡ್ಡ ತೂತು ಅಕ್ಷದಿಂದ ನಾಲ್ಕೈದು ಮಿಲಿಮೀಟರ್ ಪಕ್ಕಕ್ಕಿದ್ದರಂತೂ ವೈ ಇಲ್ಲದೆ ಕೆಲಸವೇ ಆಗದು. ಎರಡನೇ ಸ್ಪಿಂಡಲ್ ಬೇಕೇ, ವೈ ಬೇಕೇ ಎಂದು ಸಣ್ಣ ಉದ್ಯಮಿಯೊಬ್ಬರು ಕೇಳಿದರೆ, ಕೆಲಸದಲ್ಲಿ ಕೀ ವೇ, ಸ್ಲಾಟ್ ಹೆಚ್ಚಿದ್ದ ಪಕ್ಷದಲ್ಲಿ ಮೊದಲು ವೈಗೇ ದುಡ್ಡು ಹಾಕಿ ಎನ್ನುತ್ತೇನೆ.

ಎರಡನೇ ಸ್ಪಿಂಡಲ್‌ನ ಉಪಯೋಗ ಬೇರೆ. ಜಾಬ್‌ನ ಹಿಂಬದಿಯ ಕೆಲಸಕ್ಕೆ ಅದು ಎದುರಿನಿಂದ ಬಂದು, ಮೊದಲ ಸ್ಪಿಂಡಲ್‌ನ ಕೋನಕ್ಕೆ ತನ್ನ ಕೋನ ಹೊಂದಿಸಿಕೊಂಡು ಜಾಬ್ ಹಿಡಿಯುತ್ತದೆ. ಮೊದಲನೆಯದು ಬಿಡುವ ಮೊದಲೇ ಎರಡನೆಯದು ಹಿಡಿದಿರುವುದರಿಂದ ಮುಂದಿನ ತೂತಿಗೂ ಹಿಂದಿನ ತೂತಿಗೂ ಇರುವ ಕೋನ ಕೆಡುವುದಿಲ್ಲ.

ಹಾಗೆಂದು ಸಿಕ್ಕಿದ್ದೆಲ್ಲವನ್ನೂ ಈ ಯಂತ್ರಕ್ಕೆ ಹಾಕುವುದು ತಪ್ಪು. ಟರೆಟ್‌ನ ಲೈವ್ ಟೂಲ್‌ಗೆ ಮಿಲ್ಲಿಂಗ್ ಯಂತ್ರದ ಸ್ಪಿಂಡಲ್‌ನ ಗಟ್ಟಿತನ ಇರುವುದಿಲ್ಲ. ಸಣ್ಣ ಗೇರು, ಸಣ್ಣ ಬೇರಿಂಗು, ಉದ್ದಕ್ಕೆ ಚಾಚಿದ ಟೂಲ್. ಆಳವಾದ ಕಟ್ ಕೊಟ್ಟರೆ ಅದು ಅದುರುತ್ತದೆ, ಹೋಲ್ಡರ್ ಬಿಸಿಯಾಗುತ್ತದೆ, ಬೇರಿಂಗ್ ಹೋಗುತ್ತದೆ. ಲೈವ್ ಹೋಲ್ಡರ್ ರಿಪೇರಿಯ ಬಿಲ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಮೂಲದಲ್ಲಿ ದುಂಡಗಿದ್ದು, ಅದರ ಮೇಲೆ ಒಂದಷ್ಟು ಸ್ಲಾಟ್, ಫ್ಲ್ಯಾಟ್, ತೂತು ಬರುವ ಜಾಬ್‌ಗೆ ಟರ್ನ್-ಮಿಲ್ ಹೇಳಿ ಮಾಡಿಸಿದ್ದು. ವಾಲ್ವ್ ಸ್ಪೂಲ್, ಫಿಟ್ಟಿಂಗ್, ಪಂಪ್ ಶಾಫ್ಟ್ ಇಂಥವು. ಚೌಕ ಬ್ಲಾಕ್‌ನಿಂದ ಕಿಲೋಗಟ್ಟಲೆ ಲೋಹ ತೆಗೆಯುವ ಕೆಲಸವಾದರೆ ಮಿಲ್ಲಿಂಗ್‌ಗೆಂದೇ ಇರುವ ವಿಎಂಸಿಯೇ ಸರಿ. ಇನ್ನೊಂದು ಅಪಾಯವನ್ನೂ ತೂಗಬೇಕು: ಮೂರು ಯಂತ್ರಗಳ ಕೆಲಸ ಒಂದಕ್ಕೇ ಬಂದ ಮೇಲೆ, ಆ ಒಂದು ನಿಂತರೆ ಎಲ್ಲವೂ ನಿಲ್ಲುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಯಂತ್ರದ ಸಂಗತಿಯಲ್ಲ, ಅದರ ಮುಂದೆ ನಿಲ್ಲುವ ಹುಡುಗ ಹುಡುಗಿಯರದು. ಐಟಿಐಯಲ್ಲಿ ಟರ್ನರ್ ಒಂದು ಟ್ರೇಡ್, ಮೆಷಿನಿಸ್ಟ್ ಇನ್ನೊಂದು. ಟರ್ನ್-ಮಿಲ್ ಎದುರು ಈ ಗೆರೆ ಅಳಿಸಿಹೋಗುತ್ತದೆ. ಟರ್ನರ್ ಆಗಿ ಬಂದವರಿಗೆ ಕ್ಲೈಂಬ್ ಕಟಿಂಗ್ ಎಂದರೇನು, ಹಲ್ಲೊಂದಕ್ಕೆ ಎಷ್ಟು ಫೀಡ್ ಎಂಬುದು ಹೊಸದು. ಮೆಷಿನಿಸ್ಟ್ ಆಗಿ ಬಂದವರಿಗೆ ತಿರುಗುವ ಚಕ್‌ನ ಬಳಿ ಟರೆಟ್ ಸರಿಸುವ ಭಯ ಹೊಸದು. ಟರೆಟ್‌ನಲ್ಲಿ ಹನ್ನೆರಡು ಟೂಲ್, ಎದುರಿಗೆ ಎರಡನೇ ಸ್ಪಿಂಡಲ್, ಎಲ್ಲವೂ ಇಕ್ಕಟ್ಟಿನಲ್ಲಿ. ಎಲ್ಲಿಗೆ ಹಿಂದೆ ಸರಿದು ಟರೆಟ್ ತಿರುಗಿಸಬೇಕು ಎಂಬ ಒಂದು ಅಂಕಿ ತಪ್ಪಿದರೆ ಉದ್ದದ ಡ್ರಿಲ್ ಹೋಗಿ ಚಕ್‌ಗೆ ಬಡಿಯುತ್ತದೆ. ಅದಕ್ಕೇ ಒಳ್ಳೆಯ ಸೆಟ್ಟರ್ ಹೊಸ ಪ್ರೋಗ್ರಾಂ ಅನ್ನು ಮೊದಲು ಸಿಮ್ಯುಲೇಶನ್‌ನಲ್ಲಿ, ಆಮೇಲೆ ಜಾಬ್ ಇಲ್ಲದೆ, ಆಮೇಲೆ ಸಿಂಗಲ್ ಬ್ಲಾಕ್‌ನಲ್ಲಿ ಫೀಡ್ ಓವರ್‌ರೈಡ್ ಮೇಲೆ ಕೈಯಿಟ್ಟುಕೊಂಡೇ ಓಡಿಸುತ್ತಾನೆ. ಈ ಎಚ್ಚರ ಬರುವುದು ಯಂತ್ರದ ಮುಂದೆ ನಿಂತ ಗಂಟೆಗಳಿಂದ.

ಆ ಗಂಟೆಗಳನ್ನು ಕೊಡುವ ಮನಸ್ಸು ಕಾರ್ಖಾನೆಗಳಿಗೆ ಬರಬೇಕು. ದುಬಾರಿ ಯಂತ್ರವೆಂದು ಕಲಿಯುವವರನ್ನು ಬಾಗಿಲ ಬಟನ್ ಒತ್ತಲು, ಜಾಬ್ ತೆಗೆದಿಡಲು ಮಾತ್ರ ನಿಲ್ಲಿಸಿದರೆ ಹೊಸ ಡ್ರಾಯಿಂಗ್ ಬಂದ ದಿನ ಸೆಟ್ಟಿಂಗ್ ಮಾಡುವವರು ಸಿಗುವುದಿಲ್ಲ. ವಾರಕ್ಕೊಂದು ಅರ್ಧ ಶಿಫ್ಟ್ ಉತ್ಪಾದನೆ ನಿಲ್ಲಿಸಿ, ಅಲ್ಯೂಮಿನಿಯಂ ತುಂಡೊಂದನ್ನು ಚಕ್‌ಗೆ ಕೊಟ್ಟು, ಟರ್ನರ್ ಆಗಿ ಬಂದವರ ಕೈಯಲ್ಲೇ ಒಂದು ಕೀ ವೇ ಬರೆಸಿ ನೋಡಲಿ.