ಇಂಜಿನ್ನಿನ ಹೊಗೆನಳಿಗೆಗೆ ಸ್ಟಡ್ಡು ನಟ್ಟುಗಳ ಆಯ್ಕೆ

ಸಾಗರ ತಾಲ್ಲೂಕಿನ ವರದಹಳ್ಳಿಯ ಆಸುಪಾಸಿನಲ್ಲಿಯೂ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೂ ಅಡಿಕೆ ತೋಟವುಳ್ಳ ಜಮೀನುದಾರರಲ್ಲಿ ಯಾವುದಾದರೊಂದು ಇಂಜಿನ್ನನ್ನು ಇಟ್ಟುಕೊಳ್ಳದವರು ವಿರಳ. ಸೊಪ್ಪು, ದರಗು, ಗೊಬ್ಬರಗಳನ್ನು ಸಾಗಿಸುವುದಕ್ಕೆ ಜೀಪು, ಗದ್ದೆಯನ್ನು ಉಳುವುದಕ್ಕೆ ಪವರ್ ಟಿಲ್ಲರು, ನೀರೆತ್ತುವುದಕ್ಕೆ ಡೀಸೆಲ್ ಪಂಪು, ಔಷಧಿ ಹೊಡೆಯುವುದಕ್ಕೆ ಇಂಜಿನ್ ಸ್ಪ್ರೇಯರು, ಹೀಗೆ ವರ್ಷದ ಎಲ್ಲಾ ಕೆಲಸಗಳಿಗೂ ಯಂತ್ರದ ಆಶ್ರಯವಿರುತ್ತದೆ. ಆದರೆ ಈ ಯಂತ್ರಗಳ ಹೊಗೆನಳಿಗೆಯನ್ನು, ಎಂದರೆ ಮ್ಯಾನಿಫೋಲ್ಡನ್ನು, ಹಿಡಿದು ನಿಲ್ಲಿಸಿರುವ ಸ್ಟಡ್ಡು ನಟ್ಟುಗಳ ಕಡೆಗೆ ಗಮನ ಕೊಡುವವರು ಕಡಿಮೆ.

ಇದು ಅಲ್ಪ ವಿಷಯವಲ್ಲ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವೇ ಮದ್ದೆಂಬುದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾ|| ಲೆಸ್ಲಿ ಕೋಲ್ಮನ್ನರ ಕಾಲದಿಂದಲೂ ಮಲೆನಾಡಿನವರಿಗೆ ತಿಳಿದಿದೆ. ಮೊದಲನೆಯ ಸಿಂಪಡಿಕೆಯು ಮೃಗಶಿರಾ ಮಳೆ ಹಿಡಿಯುವುದಕ್ಕೆ ಮುಂಚೆಯೂ, ಎರಡನೆಯದು 40-45 ದಿನಗಳ ತರುವಾಯವೂ ಆಗತಕ್ಕದ್ದು. ಸ್ಟಡ್ಡೊಂದರ ಬೆಲೆ ಕೆಲವು ರೂಪಾಯಿಗಳು. ಅದು ಮುರಿದು ಸ್ಪ್ರೇಯರು ನಿಂತ ವಾರದಲ್ಲಿಯೇ ಮಳೆ ಹಿಡಿದರೆ, ಕೊನೆಗಾರನು ಸಿದ್ಧನಿದ್ದೂ ಪ್ರಯೋಜನವಿಲ್ಲ. ಗೊನೆಯ ಕಾಯಿ ನೆಲದ ಪಾಲಾಗುವುದು.

ಸ್ಟಡ್ಡು ಸಡಿಲವಾದರೆ ಆಗುವ ಕೇಡು

ಹೊಗೆಯ ಕಡೆಯ ಸಂದು ಬಿಟ್ಟರೆ ಬೆಂಕಿಯಂತಹ ಬಿಸಿಗಾಳಿಯು ಹೊರಹೊಮ್ಮಿ ಹತ್ತಿರದ ದರಗು ಅಥವಾ ಒಣಹುಲ್ಲಿಗೆ ಕಿಚ್ಚು ತಗಲಬಹುದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಬಣ್ಣವೂ ವಾಸನೆಯೂ ಇಲ್ಲದ ವಿಷ. ಮುಚ್ಚಿದ ಪಂಪಿನ ಕೊಟ್ಟಿಗೆಯಲ್ಲಿ ಅದು ತುಂಬಿದರೆ ಒಳಗಿದ್ದವನು ಎಚ್ಚರಿಕೆಯೇ ಇಲ್ಲದೆ ಪ್ರಾಣ ಕಳೆದುಕೊಳ್ಳುವನು. ಗಾಳಿ ಒಳಹೋಗುವ ಕಡೆಯ ಸಂದು ಬಿಟ್ಟರೆ ಶೋಧಕವನ್ನು ತಪ್ಪಿಸಿಕೊಂಡ ಧೂಳು ಸಿಲಿಂಡರನ್ನು ಸೇರಿ ಪಿಸ್ಟನ್ನಿನ ಉಂಗುರಗಳನ್ನು ತೇಯುವುದು.

ಮುರಿಯುವುದಕ್ಕೆ ಕಾರಣಗಳು

ಭಾರ ಎಳೆಯುವ ಡೀಸೆಲ್ ಇಂಜಿನ್ನಿನ ಹೊಗೆಯು ಸುಮಾರು 400ರಿಂದ 600 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾಗಿರುವುದು. ಪೆಟ್ರೋಲ್ ಇಂಜಿನ್ನಿನದು 700 ಡಿಗ್ರಿಯನ್ನು ಮೀರುವುದೂ ಉಂಟು. 400 ಮಿ.ಮೀ. ಉದ್ದದ ಎರಕದ ಮ್ಯಾನಿಫೋಲ್ಡು ಇಂಜಿನ್ನಿನ ತಲೆಗಿಂತ 300 ಡಿಗ್ರಿ ಹೆಚ್ಚು ಬಿಸಿಯಾದರೆ ಅದಕ್ಕಿಂತ ಸುಮಾರು 1.3 ಮಿ.ಮೀ. ಉದ್ದವಾಗುವುದು. ಆರಿದಾಗ ಪುನಃ ಕುಗ್ಗುವುದು. ಈ ಎಳೆದಾಟವು ಎರಡು ತುದಿಗಳ ಸ್ಟಡ್ಡುಗಳನ್ನು ದಿನವೂ ಬಗ್ಗಿಸುತ್ತದೆ. ಆದಕಾರಣ ಮೊದಲು ಮುರಿಯುವುವು ತುದಿಯವೇ. ತುದಿಯ ತೂತುಗಳು ಕೊಂಚ ದೊಡ್ಡದಾಗಿರುವುದು ಈ ಚಲನೆಗೆ ಎಡೆಕೊಡುವುದಕ್ಕಾಗಿ. ಅವನ್ನು ದೋಷವೆಂದು ತಿಳಿದು ತುಂಬಿಸಬಾರದು.

ಇದಕ್ಕೆ ತುಕ್ಕು ಸೇರುವುದು. ಬೋರ್ಡೋ ದ್ರಾವಣದಲ್ಲಿ ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ತಿಳಿಯುವ ಪದ್ಧತಿ ಎಲ್ಲರಿಗೂ ಗೊತ್ತು. ಆ ಚಾಕುವಿನಲ್ಲಿ ಕಬ್ಬಿಣವು ಕರಗಿ ತಾಮ್ರವು ಕೂರುತ್ತದೆ. ಮೈಲುತುತ್ತದ ನೀರು ಸಿಡಿದ ಸ್ಟಡ್ಡಿನಲ್ಲಿ ನಡೆಯುವುದೂ ಅದೇ. ಕೆಲಸ ಮುಗಿದ ಬಳಿಕ ಯಂತ್ರವು ಆರಿದ ಮೇಲೆ ಒಳ್ಳೆಯ ನೀರಿನಿಂದ ತೊಳೆದು ಒರಸತಕ್ಕದ್ದು.

ಲೋಹದ ಆಯ್ಕೆ

ಸ್ಟಡ್ಡಿನ ಬಲವನ್ನು ಅದರ ತುದಿಯ ಗುರುತಿನಿಂದ ತಿಳಿಯಬೇಕು. 8.8 ಎಂಬ ಅಂಕಿ ಅಥವಾ ಸಣ್ಣ ವೃತ್ತವಿದ್ದರೆ ಅದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತವನ್ನು ತಡೆಯುವ ದರ್ಜೆ; 10.9 ಅಥವಾ ಚೌಕದ ಗುರುತಿದ್ದರೆ 1,000 ನ್ಯೂಟನ್. ಭಾರತೀಯ ಮಾನಕ 1367ರಲ್ಲಿ ಈ ದರ್ಜೆಗಳ ವಿವರವಿದೆ. ಗುರುತಿಲ್ಲದ ಸಂತೆಯ ಬೋಲ್ಟನ್ನು ಈ ಸ್ಥಾನಕ್ಕೆ ಕೊಳ್ಳಬಾರದು. ಈ ಅಂಕಿಗಳು ತಣ್ಣಗಿರುವಾಗಿನ ಬಲವನ್ನು ತಿಳಿಸುವುವೇ ಹೊರತು ಬಿಸಿಯಲ್ಲಿನ ಬಲವನ್ನಲ್ಲ. ಆದಕಾರಣ ಅಂಕಿ ದೊಡ್ಡದಾದಷ್ಟೂ ಉತ್ತಮವೆಂದು ಭಾವಿಸಿ 12.9ರ ಸ್ಟಡ್ಡನ್ನು ಹಾಕುವುದು ಸರಿಯಲ್ಲ. ಹೊಗೆಯ ಕಡೆಗೆ ಇಂಜಿನ್ನಿನ ತಯಾರಕರು ಒದಗಿಸುವ, ಕ್ರೋಮಿಯಂ ಮಾಲಿಬ್ಡಿನಮ್ ಬೆರೆತ ಉಕ್ಕಿನ ಸ್ಟಡ್ಡೇ ಯೋಗ್ಯವಾದದ್ದು.

ತುಕ್ಕು ಹಿಡಿಯದೆಂದು ಸ್ಟೇನ್‌ಲೆಸ್ ಸ್ಟಡ್ಡನ್ನು ಬಯಸುವವರು ಒಂದು ಲೆಕ್ಕವನ್ನು ಗಮನಿಸಬೇಕು. 40 ಮಿ.ಮೀ. ಹಿಡಿತದ ಉದ್ದವು 300 ಡಿಗ್ರಿ ಕಾದರೆ ಎರಕದ ಕಬ್ಬಿಣವು ಸುಮಾರು 0.13 ಮಿ.ಮೀ., ಸಾಧಾರಣ ಉಕ್ಕು 0.14 ಮಿ.ಮೀ., ಸ್ಟೇನ್‌ಲೆಸ್ ಉಕ್ಕು 0.20 ಮಿ.ಮೀ. ಹಿಗ್ಗುವುದು. ಬಿಗಿದಾಗ ಇಂತಹ ಸ್ಟಡ್ಡು ಎಳೆದುಕೊಂಡಿರುವುದೇ ಸುಮಾರು 0.08 ಮಿ.ಮೀ. ಸ್ಟಡ್ಡು ಮ್ಯಾನಿಫೋಲ್ಡುಗಳೆರಡೂ ಒಂದೇ ಬಿಸಿಗೆ ಬಂದರೆ ಬಿಗಿಯ ಬಹುಪಾಲು ಹೋಗಿಬಿಡುವುದು. ಅಲ್ಲದೆ ಸ್ಟೇನ್‌ಲೆಸ್ ತಿರುಪುಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಸ್ವಭಾವದವು. ಸತುವಿನ ಲೇಪವೂ ಇಲ್ಲಿ ನಿಲ್ಲದು. ಸತುವು 419 ಡಿಗ್ರಿಯಲ್ಲಿ ಕರಗುವುದು, ಅದಕ್ಕೆ ಬಹಳ ಮುಂಚೆಯೇ ರಕ್ಷಣೆಯ ಗುಣವನ್ನು ಕಳೆದುಕೊಳ್ಳುವುದು.

ಅಳತೆ, ನಟ್ಟು ಮತ್ತು ವಾಷರು

ಹಳೆಯ ಜೀಪುಗಳಲ್ಲಿ ಅಂಗುಲದ ತಿರುಪು, ಈಚಿನ ಯಂತ್ರಗಳಲ್ಲಿ ಮೆಟ್ರಿಕ್ ತಿರುಪು ಇರುವುದು. 5/16 ಅಂಗುಲವೆಂದರೆ 7.94 ಮಿ.ಮೀ.; 8 ಮಿ.ಮೀ. ಸ್ಟಡ್ಡಿಗೂ ಇದಕ್ಕೂ ಕಣ್ಣಿಗೆ ಭೇದ ಕಾಣದು. ಆದರೆ ಒಂದರ ಹಲ್ಲಿನ ಅಂತರ 1.41 ಮಿ.ಮೀ., ಇನ್ನೊಂದರದು 1.25. ಬೆರಳಿನಿಂದ ಸರಾಗವಾಗಿ ತಿರುಗದೆ ಎರಡು ಮೂರು ಸುತ್ತಿಗೇ ಬಿಗಿಯಾಗುವುದನ್ನು ಸ್ಪಾನರಿನಿಂದ ಒತ್ತಾಯಿಸಬಾರದು. ಹಳೆಯ ಸ್ಟಡ್ಡನ್ನೇ ಅಂಗಡಿಗೆ ಒಯ್ದು ಹೋಲಿಸಿ ಕೊಳ್ಳುವುದು ಕ್ಷೇಮ. ಒಳಗೆ ಹೊಕ್ಕ ತಿರುಪು ಎರಕದ ಕಬ್ಬಿಣದಲ್ಲಿ ಸ್ಟಡ್ಡಿನ ದಪ್ಪದ ಒಂದೂವರೆ ಪಟ್ಟೂ, ಅಲ್ಯೂಮಿನಿಯಂ ತಲೆಯಲ್ಲಿ ಎರಡು ಪಟ್ಟೂ ಇರಬೇಕು.

ನಟ್ಟು ಹಿತ್ತಾಳೆಯದು ಅಥವಾ ತಾಮ್ರ ಲೇಪಿಸಿದ ಉಕ್ಕಿನದು ಆದರೆ ತುಕ್ಕಿನಿಂದ ಸ್ಟಡ್ಡಿಗೆ ಅಂಟಿಕೊಳ್ಳದು. ಹಿತ್ತಾಳೆ ಮೃದುವಾದ್ದರಿಂದ ಆ ನಟ್ಟು ಉದ್ದವಾಗಿರಬೇಕು, ಬಿಗಿ ಕಡಿಮೆಯಿರಬೇಕು. ನೈಲಾನ್ ಉಂಗುರದ ನಟ್ಟು ಸುಮಾರು 120 ಡಿಗ್ರಿಯ ಮೇಲೆ ನಿರುಪಯೋಗಿ. ಸ್ಪ್ರಿಂಗ್ ವಾಷರು ಬಿಸಿಗೆ ಹದಗೆಟ್ಟು ಚಪ್ಪಟೆಯಾಗುವುದು. ದಪ್ಪನಾದ ಚಪ್ಪಟೆ ಉಕ್ಕಿನ ವಾಷರೇ ಮೇಲು.

ಬಿಗಿಯುವ ಕ್ರಮ

ತಿರುಪುಗಳನ್ನು ತಂತಿಯ ಬ್ರಷ್ಷಿನಿಂದ ಶುದ್ಧಮಾಡಿ, ತಾಮ್ರ ಅಥವಾ ನಿಕ್ಕಲ್ ಪುಡಿ ಬೆರೆತ ಬಿಸಿ ತಡೆಯುವ ಲೇಪವನ್ನು ತೆಳುವಾಗಿ ಹಚ್ಚಬೇಕು. ಸಾಧಾರಣ ಗ್ರೀಸು ಸುಟ್ಟುಹೋಗುವುದು. ಮಧ್ಯದ ನಟ್ಟಿನಿಂದ ಪ್ರಾರಂಭಿಸಿ ಎರಡು ಕಡೆಗೂ ಸರದಿಯಂತೆ, ಮೂರು ಸುತ್ತಿನಲ್ಲಿ ಬಿಗಿಯತಕ್ಕದ್ದು. 8 ಮಿ.ಮೀ.ನ 8.8 ದರ್ಜೆಗೆ ಸುಮಾರು 2 ಕಿಲೋಗ್ರಾಂ-ಮೀಟರ್ ಬಿಗಿ ಸಾಕು. 20 ಸೆಂ.ಮೀ. ಸ್ಪಾನರಿನ ತುದಿಯನ್ನು 10 ಕಿಲೋ ತೂಕದಷ್ಟು ಬಲದಿಂದ ಎಳೆದರೆ ಇಷ್ಟಾಗುವುದು. ಯಂತ್ರದ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ. ಒಮ್ಮೆ ಯಂತ್ರವನ್ನು ಕಾಯಿಸಿ, ಪೂರ್ತಿ ಆರಿದ ಮೇಲೆ ಪುನಃ ಪರೀಕ್ಷಿಸಬೇಕು.

ಅಂಟಿಕೊಂಡ ಸ್ಟಡ್ಡನ್ನು ತೆಗೆಯುವುದಕ್ಕೆ ಆತುರ ಸಲ್ಲದು. ಇಂಗುವ ಎಣ್ಣೆಯನ್ನು ಹಿಂದಿನ ದಿನವೇ ಬಿಟ್ಟು, ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಒಳಗಿನದನ್ನು ಹಿಂದೆ ಮುಂದೆ ಸ್ವಲ್ಪಸ್ವಲ್ಪವಾಗಿ ತಿರುಗಿಸಿದರೆ ಸಾಮಾನ್ಯವಾಗಿ ಬರುವುದು. ಮಟ್ಟಸವಾಗಿ ಮುರಿದದ್ದನ್ನು ಅನುಭವಿಯಾದ ಕೆಲಸಗಾರನಿಗೇ ಬಿಡತಕ್ಕದ್ದು.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಸರಿಯಾದ ಕಾಲ ಬೇಸಗೆಯೇ. ಗ್ರಾಮದ ಮುಖಂಡರು ಮೇ ತಿಂಗಳಲ್ಲಿ ಊರಿನ ಸ್ಪ್ರೇಯರು, ಟಿಲ್ಲರು, ಜೀಪುಗಳನ್ನೆಲ್ಲ ಒಂದು ದಿನ ಒಂದೆಡೆ ಸೇರಿಸಿ ಪರೀಕ್ಷೆ ಮಾಡಿಸಿ, ಬೇಕಾದ ಅಳತೆಯ ಸ್ಟಡ್ಡು, ನಟ್ಟು, ವಾಷರುಗಳ ಒಂದೊಂದು ಜೊತೆಯನ್ನು ಎಣ್ಣೆಕಾಗದದಲ್ಲಿ ಸುತ್ತಿ ಇರಿಸಿಕೊಂಡರೆ, ಮಳೆಯ ನಡುವೆ ಸಾಗರದ ಪೇಟೆಗೆ ಓಡುವ ಕಷ್ಟ ತಪ್ಪುವುದು, ತೋಟದ ಫಸಲೂ ಉಳಿಯುವುದು.